ಕೊಹ್ಲಿ ದೂರ, ಕುರುಬೂರು ಹತ್ತಿರ

ಹುಣಸೂರಿನ ಬಸ್ ನಿಲ್ದಾಣದಲ್ಲಿ ಹದಿನೆಂಟನೇ ನಂಬರಿನ ಜೆರ್ಸಿ ತೊಟ್ಟ ಹುಡುಗನನ್ನು ಹುಡುಕಬೇಕಾಗಿಲ್ಲ, ತಾನಾಗಿಯೇ ಕಣ್ಣಿಗೆ ಬೀಳುತ್ತಾನೆ. ಬಿ. ಚೈತ್ರಾ ಯಾರೆಂದು ಆ ಹುಡುಗನನ್ನು ಕೇಳಿದರೆ ಉತ್ತರ ಬರುವುದು ಅನುಮಾನ. 2025ರ ಜನವರಿ 19ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊತ್ತಮೊದಲ ಖೋ ಖೋ ವಿಶ್ವಕಪ್‌ನ ಫೈನಲ್ ನಡೆಯಿತು. ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಬ್ಯಾಚು 5 ನಿಮಿಷ 14 ಸೆಕೆಂಡು ಎದುರಾಳಿಗಳ ಕೈಗೆ ಸಿಗದೆ ಓಡಿತು. ಸರದಿಯೊಂದಕ್ಕೆ ಏಳೇ ನಿಮಿಷ ಇರುವ ಆಟದಲ್ಲಿ ಇದು ಎಷ್ಟು ದೊಡ್ಡ ಸಂಗತಿಯೆಂದು ಒಮ್ಮೆಯಾದರೂ ಕಂಬದ ಸುತ್ತ ಓಡಿದವರಿಗೆ ಗೊತ್ತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ ಬಂತು. ಚೈತ್ರಾ ಅವರ ಊರು ತಿ. ನರಸೀಪುರ ತಾಲ್ಲೂಕಿನ ಕುರುಬೂರು, ನಮ್ಮದೇ ಮೈಸೂರು ಜಿಲ್ಲೆ. ರೈತ ಹೋರಾಟದ ಸುದ್ದಿಗಳಲ್ಲಷ್ಟೇ ಹೆಸರು ಕೇಳಿಬರುತ್ತಿದ್ದ ಆ ಊರಿನ ಶಾಲೆಯ ಅಂಗಳದಲ್ಲಿ ಆಟ ಕಲಿತ ಹುಡುಗಿ ಇವರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳಿಗೆ ಮಾದರಿ ಬೇಕೆಂದರೆ ಮೊದಲು ತೋರಿಸಬೇಕಾದದ್ದು ಇಂಥವರನ್ನು. ಊರಿನವರು, ಜಿಲ್ಲೆಯವರು ಎಂಬ ಅಭಿಮಾನಕ್ಕಾಗಿ ಈ ಮಾತು ಹೇಳುತ್ತಿಲ್ಲ. ಮಾದರಿಯೆಂದರೆ ನೋಡಿ ಮಾಡುವಂಥದ್ದು. ಮಾಡಲು ಮೊದಲು ದಾರಿ ಕಾಣಬೇಕು. ಚೈತ್ರಾ ಬಂದ ದಾರಿಯ ಮೊದಲ ಮೆಟ್ಟಿಲು ಈ ನಾಲ್ಕೂ ತಾಲ್ಲೂಕುಗಳ ಎಲ್ಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದೆ. ಶಾಲಾ ತಂಡ, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಚಿಲ್ಕುಂದದ ಒಂಬತ್ತನೇ ತರಗತಿಯ ಹುಡುಗಿ ಇದರ ಒಂದೆರಡು ಮೆಟ್ಟಿಲನ್ನು ಈಗಾಗಲೇ ಹತ್ತಿರಬಹುದು. ಆದರೆ ಆ ಮೆಟ್ಟಿಲು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಪ್ರಮಾಣಪತ್ರ ಸಿಗುತ್ತದೆ, ಪಿಟಿ ಮೇಷ್ಟ್ರು ಬೆನ್ನು ತಟ್ಟುತ್ತಾರೆ, ಎಸ್ಸೆಸ್ಸೆಲ್ಸಿ ಬಂತೆಂದು ಆಟ ನಿಲ್ಲುತ್ತದೆ. ಕೊಹ್ಲಿಯ ಪಟ ಮನೆಯ ಗೋಡೆಯಲ್ಲಿ ಇದ್ದೇ ಇರುತ್ತದೆ; ಹೋಬಳಿ ಮಟ್ಟ ದಾಟಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಮೈಸೂರು ಜಿಲ್ಲೆಗೆ ಜಗತ್ತೇ ಬಲ್ಲ ಆಟಗಾರನೊಬ್ಬ ಬಹಳ ಹಿಂದೆಯೇ ಸಿಕ್ಕಿದ್ದಾನಲ್ಲ ಎಂದು ಕೇಳಬಹುದು. ಜಾವಗಲ್ ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದವರು. ರಣಜಿಯ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಗಳಿಸಿದವರು, ಎಂಜಿನಿಯರಿಂಗ್ ಪದವಿಯನ್ನೂ ಕೈಬಿಡದವರು. ನಡತೆ, ಶ್ರಮ, ಮಾತಿನ ಮಿತಿ ಯಾವುದರಲ್ಲಿ ನೋಡಿದರೂ ಅವರಿಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಆದರೆ ಅವರು ಹಿಡಿದ ದಾರಿಯನ್ನೊಮ್ಮೆ ನೋಡಿ. ಮರಿಮಲ್ಲಪ್ಪ ಪ್ರೌಢಶಾಲೆ, ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ನಗರದ ಕ್ಲಬ್ ಕ್ರಿಕೆಟ್, ಅಲ್ಲಿ ಜಿ.ಆರ್. ವಿಶ್ವನಾಥ್ ಅವರ ಕಣ್ಣಿಗೆ ಬಿದ್ದದ್ದು. ಇದಿಷ್ಟೂ ಮೈಸೂರು ನಗರದಲ್ಲಿ ಹುಟ್ಟಿ ಬೆಳೆದವನಿಗೆ ದಕ್ಕುವ ದಾರಿ. ಪಿರಿಯಾಪಟ್ಟಣದಿಂದ ಮೈಸೂರಿಗೆ ಎಪ್ಪತ್ತು ಕಿಲೋಮೀಟರ್ ಹತ್ತಿರ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ಕಂಡದ್ದು ಕೆ.ಆರ್. ನಗರ ಒಂದೇ. ಸಂಜೆ ನೆಟ್ ಅಭ್ಯಾಸ ಮುಗಿಸಿ ಎಚ್.ಡಿ. ಕೋಟೆಯಾಚೆಯ ಹಳ್ಳಿಗೆ ಮರಳಬೇಕಾದ ಹುಡುಗನಿಗೆ ಯಾರ್ಕರ್‌ಗಿಂತ ಮೊದಲು ಕೊನೆಯ ಬಸ್ಸಿನ ಚಿಂತೆ. ಜಿಲ್ಲೆ ಒಂದೇ ಆದರೂ ಶ್ರೀನಾಥ್ ಅವರ ದಾರಿ ಶುರುವಾಗುವುದು ಈ ಹುಡುಗನ ದಾರಿ ಮುಗಿಯುವ ಜಾಗದಲ್ಲಿ. ಶ್ರೀನಾಥ್ ಅವರನ್ನು ಮೆಚ್ಚೋಣ. ಅವರ ಹಾಗೆ ಆಗು ಎಂದು ಕಾಡಂಚಿನ ಹಾಡಿಯ ಹುಡುಗನಿಗೆ ಹೇಳುವ ಮೊದಲು ನಡುವಿನ ಅಂತರವನ್ನು ತುಂಬಬೇಕಾದವರು ಯಾರು ಎಂದು ಕೇಳಿಕೊಳ್ಳೋಣ.

ಈ ಭಾಗಕ್ಕೆ ಇನ್ನೊಂದು ವಿಶೇಷ ಅಡ್ಡಿ ಇದೆ, ಇದು ಬೆಂಗಳೂರಿನಲ್ಲಿ ಕುಳಿತು ಕ್ರೀಡಾ ವೇಳಾಪಟ್ಟಿ ಬರೆಯುವವರಿಗೆ ಹೊಳೆಯುವಂಥದ್ದಲ್ಲ. ಇಲ್ಲಿ ಬಹುಪಾಲು ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಸುತ್ತ ಬದುಕು ತಿರುಗುತ್ತದೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಬೇಯಿಸುವ ಕೆಲಸ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮನೆಮಂದಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ನಡೆಯುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಬ್ಯಾರನ್ನಿನ ಬೆಂಕಿ ಕಾಯುವ ಮನೆಯಲ್ಲಿ, ಸಂಜೆ ಐದಕ್ಕೆ ಖೋ ಖೋ ಅಭ್ಯಾಸವಿದೆ ಎಂದು ಮಗಳು ಹೇಳಿದರೆ ಅಪ್ಪನಿಗೆ ಸಿಟ್ಟು ಬರುವುದು ಅಸಹಜವಲ್ಲ. ಆ ಅಪ್ಪನನ್ನು ಒಪ್ಪಿಸಲು ಟಿ.ವಿ.ಯ ತಾರೆಯ ಉದಾಹರಣೆ ನಡೆಯುವುದಿಲ್ಲ; ಆ ತಾರೆಗೂ ತನ್ನ ಮನೆಗೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತು. ಕುರುಬೂರಿನಲ್ಲೊಬ್ಬಳು ಹುಡುಗಿ ಇದೇ ರೀತಿ ಶಾಲೆಯಲ್ಲಿ ಆಡಿ ದೇಶದ ತಂಡ ಸೇರಿದಳಂತೆ ಎಂದರೆ ಅವನು ಕಡೇಪಕ್ಷ ಮುಂದಿನ ಮಾತು ಕೇಳುತ್ತಾನೆ. ಇಂಥ ಹತ್ತಿರದ ಹೆಸರು ಇನ್ನೊಂದಿದೆ: ಪಿರಿಯಾಪಟ್ಟಣದೊಂದಿಗೆ ಗಡಿ ಹಂಚಿಕೊಂಡಿರುವ ಅರಕಲಗೂಡು ತಾಲ್ಲೂಕಿನ ರೈತ ಕುಟುಂಬದ ಎಚ್.ಎನ್. ಗಿರೀಶ್ ಹುಟ್ಟಿನಿಂದ ಒಂದು ಕಾಲಿನ ಊನ ಹೊಂದಿದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಗಡಿಯ ಈಚೆಗಿನ ಎಷ್ಟು ಶಾಲೆಗಳಲ್ಲಿ ಆ ಹೆಸರು ಹೇಳುತ್ತಾರೆ?

ಹತ್ತಿರದ ಮಾದರಿ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ನಾಲ್ಕರಲ್ಲಿ ಮೂರು ತಾಲ್ಲೂಕುಗಳ ಪಶ್ಚಿಮದ ಗಡಿ ದಾಟಿದರೆ ಸಾಕು. ಕೊಡಗಿನಲ್ಲಿ 1997ರಲ್ಲಿ ಕರಡ ಗ್ರಾಮದ ಪಾಂಡಂಡ ಕುಟುಂಬದವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮೊದಲ ವರ್ಷ ಆಡಿದ್ದು 60 ಕುಟುಂಬಗಳು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಸಂಖ್ಯೆಗಿಂತ ನನಗೆ ಮುಖ್ಯವೆನಿಸುವುದು ತಂಡ ಕಟ್ಟುವ ರೀತಿ. ಭಾರತದ ಪರ ಆಡಿದವನೂ ಹೈಸ್ಕೂಲಿನ ಹುಡುಗನೂ ಒಂದೇ ಒಕ್ಕದವರಾದರೆ, ಅಂದರೆ ಒಂದೇ ಮನೆತನದವರಾದರೆ, ಒಂದೇ ತಂಡದಲ್ಲಿ ಆಡುತ್ತಾರೆ. ಹೆಂಗಸರೂ ಆ ತಂಡದಲ್ಲೇ ಇರುತ್ತಾರೆ. ಚೆಂಡನ್ನು ಹೇಗೆ ತಡೆಯಬೇಕೆಂದು ಹುಡುಗ ಕಲಿಯುವುದು ತನ್ನ ಚಿಕ್ಕಪ್ಪನ ಕೋಲು ನೋಡಿ. ಕೊಡಗಿಗೆ ಸೈನ್ಯದ ಪರಂಪರೆ ಇದೆ, ಕಾಫಿ ತೋಟಗಳಿವೆ, ಒಕ್ಕದ ಕಟ್ಟು ಇದೆ, ಅದನ್ನೆಲ್ಲ ಹುಣಸೂರಿಗೆ ತರಲಾಗುವುದಿಲ್ಲ ಎಂಬ ಮಾತು ನಿಜವೇ. ಆದರೆ ದೊಡ್ಡ ಆಟಗಾರ ಹುಡುಗನ ಪಕ್ಕದಲ್ಲಿ ನಿಂತು ಆಡುವ ಏರ್ಪಾಡಿಗೆ ಕಾಫಿ ತೋಟ ಬೇಕಾಗಿಲ್ಲ. ಬ್ಯಾಡ್ಮಿಂಟನ್ ಕಥೆಯೂ ಹೀಗೇ. ಪ್ರಕಾಶ್ ಪಡುಕೋಣೆ ಆಡುತ್ತ ಬೆಳೆದದ್ದು ಬೆಂಗಳೂರಿನ ಮದುವೆ ಮಂಟಪವೊಂದರಲ್ಲಿ. ಲಗ್ನವಿದ್ದ ದಿನ ಆಟಕ್ಕೆ ರಜೆ. 1980ರಲ್ಲಿ ಅವರು ಆಲ್ ಇಂಗ್ಲೆಂಡ್ ಗೆದ್ದಾಗ ದೇಶ ಕುಣಿಯಿತು. ಆದರೆ ಎರಡನೇ ಆಲ್ ಇಂಗ್ಲೆಂಡ್ ಚಾಂಪಿಯನ್ನನನ್ನು ಕೊಟ್ಟದ್ದು ಆ ಕುಣಿತವಲ್ಲ. ಪ್ರಕಾಶ್ 1994ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು, ಅಲ್ಲಿ ತಯಾರಾದ ಗೋಪಿಚಂದ್ 2001ರಲ್ಲಿ ಗೆದ್ದರು, ಮುಂದೆ ಹೈದರಾಬಾದಿನ ಅವರ ಅಂಗಳದಿಂದ ಸೈನಾ, ಸಿಂಧು ಬಂದರು. ಕೈಯಿಂದ ಕೈಗೆ ದಾಟಿದ್ದು ಫಲ ಕೊಟ್ಟಿತು.

ಇದರ ವಿರುದ್ಧದ ಕಥೆಯೂ ಕರ್ನಾಟಕದಲ್ಲೇ ಇದೆ, ಎಚ್.ಡಿ. ಕೋಟೆಯವರು ಅದನ್ನು ಗಮನವಿಟ್ಟು ಓದಬೇಕು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡೆಗಳ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಟ್ಟಿತು. ಓಟದಲ್ಲಿ ಪದಕ ತಂದವರು ಅವರಲ್ಲಿದ್ದರು. ಅಂದರೆ ಆ ಸಮುದಾಯಕ್ಕೆ ತನ್ನದೇ ಮಾದರಿಗಳು ಸಿಕ್ಕವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಅವರ ಹಿಂದೆ ಬರಬೇಕಿದ್ದವರಿಗೆ ದಾರಿಯೇ ಉಳಿಯಲಿಲ್ಲ. ನಾಗರಹೊಳೆ ಅಂಚಿನ ಜೇನು ಕುರುಬ, ಕಾಡು ಕುರುಬ ಹಾಡಿಗಳ ಮಕ್ಕಳ ಓಟ ನೋಡಿ ಕಾಡಿನ ಕಸುವು ಎಂದು ಹೊಗಳುವ ಭಾಷಣಗಳು ಕ್ರೀಡಾಕೂಟಗಳಲ್ಲಿ ಕೇಳಿಬರುತ್ತವೆ. ಹೊಗಳಿಕೆಯ ಆಚೆಗೆ ಮುಂದಿನ ಮೆಟ್ಟಿಲು ಇಲ್ಲದಿದ್ದರೆ ಸಿದ್ದಿ ಮಕ್ಕಳಿಗೆ ಆದದ್ದೇ ಇವರಿಗೂ ಆಗುತ್ತದೆ. ಮಾದರಿಯೊಂದೇ ಸಾಲದು ಎನ್ನುವವರಿಗೆ ನಾನು ಇಷ್ಟನ್ನು ಪೂರ್ತಿ ಬಿಟ್ಟುಕೊಡುತ್ತೇನೆ.

ಈಗ ಆಕ್ಷೇಪಗಳಿಗೆ ಬರೋಣ. ಮಕ್ಕಳಿಗೆ ದೊಡ್ಡ ಕನಸು ಬೇಕು, ಪಕ್ಕದೂರಿನವರನ್ನು ತೋರಿಸಿ ಕನಸನ್ನು ಕುಗ್ಗಿಸುತ್ತೀರಿ ಎನ್ನುತ್ತಾರೆ. ವಿಶ್ವಕಪ್ ಗೆದ್ದವಳು ಚಿಕ್ಕ ಕನಸು ಹೇಗಾದಾಳು? ದೂರದ ತಾರೆಯಿಂದ ಕಲಿಯುವುದು ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. 2018ರಲ್ಲಿ ಭಾರತ 19 ವರ್ಷದೊಳಗಿನವರ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಕ್ರಿಕೆಟ್ ಮಂಡಳಿ ಪ್ರಕಟಿಸಿತು. ದ್ರಾವಿಡ್ ಒಪ್ಪದೆ ಎಲ್ಲರಿಗೂ ಸಮ ಹಂಚುವಂತೆ ಮಾಡಿದರು. ಇಂಥದ್ದನ್ನು ಎಷ್ಟು ದೂರದಿಂದಲಾದರೂ ಕಲಿಯಬಹುದು. ಆದರೆ ದೂರದ ತಾರೆಯೊಡನೆ ನಮ್ಮ ಹುಡುಗರಿಗೆ ಸಾಮಾನ್ಯವಾಗಿ ಬೆಳೆಯುವ ಸಂಬಂಧ ಬೇರೆ. ಅದು ಆಡುವವನ ಸಂಬಂಧವಲ್ಲ, ನೋಡುವವನ ಸಂಬಂಧ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಐಪಿಎಲ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಆ ಸಾವುಗಳ ಹೊಣೆ ಏರ್ಪಾಡು ಮಾಡಿದವರದು, ಅಲ್ಲಿಗೆ ಹೋದವರದಲ್ಲ. ಆದರೂ ಆಟವೆಂದರೆ ಯಾರೋ ಗೆದ್ದದ್ದನ್ನು ಹೋಗಿ ನೋಡುವುದು ಎಂದೇ ಒಂದು ತಲೆಮಾರು ತಿಳಿದಿದೆಯಲ್ಲ, ಅದನ್ನು ಆ ದಿನದ ಜನಸಾಗರ ತೋರಿಸಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ 1993ರಲ್ಲಿ ಜಾಹೀರಾತೊಂದರಲ್ಲಿ ತಾನು ಯಾರಿಗೂ ಮಾದರಿಯಲ್ಲ, ಆ ಕೆಲಸ ತಂದೆತಾಯಿಯರದು ಎಂದು ಹೇಳಿ ಗದ್ದಲ ಎಬ್ಬಿಸಿದ್ದ. ಚೆಂಡು ಚೆನ್ನಾಗಿ ಎಸೆಯುವವನ ಮೇಲೆ ಇಡೀ ಸಮಾಜದ ನೀತಿಪಾಠದ ಹೊರೆ ಏಕೆ? 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡಿಗೆ ಮರಳುಕಾಗದ ಉಜ್ಜಿದ ಪ್ರಕರಣದಲ್ಲಿ ಆಸ್ಟ್ರೇಲಿಯಾದ ನಾಯಕ, ಉಪನಾಯಕರೇ ಒಂದು ವರ್ಷ ನಿಷೇಧಕ್ಕೊಳಗಾದರು. ಪೂಜಿಸಿದವರು ಹೀಗೆ ಬಿದ್ದಾಗ ಮಕ್ಕಳ ಮನಸ್ಸು ಮುರಿಯುವುದಿಲ್ಲವೇ? ಚಾರಿತ್ರ್ಯದ ಮಟ್ಟಿಗೆ ಬಾರ್ಕ್ಲಿಯ ಮಾತನ್ನು ಒಪ್ಪಬಹುದು. ಸುಳ್ಳು ಹೇಳಬಾರದೆಂದು ಕಲಿಸಲು ಕ್ರಿಕೆಟಿಗ ಬೇಕಿಲ್ಲ. ಮೈಮುರಿದು ದುಡಿಯುವುದನ್ನು ಹುಣಸೂರಿನ ರೈತನ ಮಗನಿಗೆ ಕಲಿಸಲು ಹೊರಗಿನವರು ಬರಬೇಕಾಗಿಲ್ಲ, ಅಪ್ಪ ಅಮ್ಮ ಕಣ್ಣೆದುರೇ ಇದ್ದಾರೆ. ಆದರೆ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ, ಪೊಲೀಸ್ ನೇಮಕಾತಿಯ ಕ್ರೀಡಾ ಮೀಸಲಾತಿಗೆ ಯಾವ ಮಟ್ಟದ ಪ್ರಮಾಣಪತ್ರ ಬೇಕು, ಮಂಡಿ ನೋವಿದ್ದಾಗ ಆಡಬೇಕೋ ಬಿಡಬೇಕೋ, ಮುಟ್ಟಿನ ದಿನಗಳಲ್ಲಿ ಅಭ್ಯಾಸ ಹೇಗೆ? ಇವನ್ನು ಆ ತಂದೆತಾಯಿ ಹೇಳಲಾರರು, ಅವರ ಮನೆಯಲ್ಲಿ ಹಿಂದೆ ಯಾರೂ ಆ ದಾರಿಯಲ್ಲಿ ಹೋದವರಿಲ್ಲ. ಬಾರ್ಕ್ಲಿಯ ಮಾತು ಸೋಲುವುದು ಇಲ್ಲಿ.    

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಹೊಟ್ಟೆಪಾಡಿನದು. ಖೋ ಖೋ ಆಡಿ ಯಾರು ಉದ್ಧಾರವಾದರು, ಆಡುವುದಾದರೆ ಕ್ರಿಕೆಟ್ ಆಡಲಿ ಎಂಬ ಮಾತಿಗೆ ಉತ್ತರ ಕೊಡದೆ ಮಾದರಿಯ ಮಾತಾಡುವುದು ಮೋಸವಾಗುತ್ತದೆ. ವಿಶ್ವಕಪ್ ಗೆದ್ದು ಬಂದ ಚೈತ್ರಾ ಅವರಿಗೂ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೂ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡವೆಂದರು. ಅದೇ ತಂಡಗಳಲ್ಲಿದ್ದ ತನ್ನ ಆಟಗಾರರಿಗೆ ಮಹಾರಾಷ್ಟ್ರ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿದೆ ಎಂಬುದನ್ನು ಎತ್ತಿ ತೋರಿಸಿದರು. ಒಂದೇ ಅಂಕಣದಲ್ಲಿ ಒಟ್ಟಿಗೆ ಓಡಿದವರ ಬೆಲೆ ರಾಜ್ಯದ ಗಡಿ ದಾಟಿದರೆ ನಲವತ್ತೈದು ಪಟ್ಟು ಹೆಚ್ಚು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವುದು ಬಿಟ್ಟು ಇದೇನು ದುರಹಂಕಾರ ಎಂದವರೂ ಇದ್ದಾರು. ನನಗೆ ಇದು ಚೈತ್ರಾ ಅವರ ಫೈನಲ್‌ನ ಓಟಕ್ಕಿಂತ ದೊಡ್ಡ ಪಾಠವಾಗಿ ಕಾಣುತ್ತದೆ. ಹಳ್ಳಿಯ ಆಟಗಾರರು, ಅದರಲ್ಲೂ ಹೆಣ್ಣುಮಕ್ಕಳು, ಪೇಟ ತೊಡಿಸಿ ಹಾರ ಹಾಕಿದರೆ ಸಾಕೆಂದು ತಲೆತಗ್ಗಿಸಿ ನಿಲ್ಲಬೇಕು ಎಂಬುದು ನಮ್ಮ ಸಭೆಗಳ ರೂಢಿ. ತನ್ನ ದುಡಿಮೆಗೆ ತಕ್ಕ ಕೂಲಿ ಕೇಳಿದವಳು ಆ ರೂಢಿಯನ್ನು ಮುರಿದಳು. ವೃತ್ತಿಪರ ಎಂಬ ಮಾತಿನ ಅರ್ಥವೇ ಅದು: ಆಟವೂ ಒಂದು ದುಡಿಮೆ. ಇದನ್ನು ಕಂಡ ಎಳೆಯ ಆಟಗಾರ್ತಿ ಎರಡು ಸಂಗತಿ ಕಲಿಯುತ್ತಾಳೆ. ಈ ಆಟದಲ್ಲಿ ವಿಶ್ವಕಪ್ ಗೆದ್ದರೂ ಬದುಕು ಸಲೀಸಲ್ಲ, ಆದ್ದರಿಂದ ಶ್ರೀನಾಥ್ ಪದವಿಯನ್ನು ಕೈಬಿಡದ ಹಾಗೆ ತಾನೂ ಓದನ್ನು ಬಿಡಬಾರದು. ಮತ್ತು ಬಾಯಿಬಿಟ್ಟು ಕೇಳುವುದು ತಪ್ಪಲ್ಲ. ಇಷ್ಟು ಪ್ರಾಮಾಣಿಕ ಲೆಕ್ಕವನ್ನು ಐಪಿಎಲ್ ಹರಾಜು ನಮ್ಮ ಹುಡುಗರ ಮುಂದೆ ಎಂದೂ ಇಟ್ಟಿಲ್ಲ. ಅಲ್ಲಿ ಕೋಟಿ ಪಡೆದವರ ಹೆಸರು ಕಾಣುತ್ತದೆ, ರಾಜ್ಯ ತಂಡದ ಬಾಗಿಲಿನವರೆಗೂ ಹೋಗದೆ ಮೂವತ್ತಕ್ಕೆ ಬರಿಗೈಯಲ್ಲಿ ನಿಂತವರ ಹೆಸರು ಕಾಣುವುದಿಲ್ಲ. ಕಿಟ್ಟಿಲ್ಲದೆ, ಟರ್ಫ್ ಇಲ್ಲದೆ, ಎರಡು ಕಂಬ ನೆಟ್ಟು ಆಡಬಹುದಾದ ಆಟ ಖೋ ಖೋ. ಅದನ್ನು ಆಡಿ ಸೋತರೂ ಮನೆ ಸಾಲಕ್ಕೆ ಬೀಳುವುದಿಲ್ಲ ಎಂಬುದು ಬಡತನದ ಸೀಮೆಯಲ್ಲಿ ಸಣ್ಣ ಲಾಭವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮೂರುಗಳಲ್ಲಿ ಆಟಗಾರರನ್ನು ಬಳಸಿಕೊಳ್ಳುವ ರೀತಿ ಬದಲಾಗಬೇಕು. ಈಗ ಅವರನ್ನು ಕರೆಸುವುದು ಉದ್ಘಾಟನೆಗೆ ಅಥವಾ ಸಮಾರೋಪಕ್ಕೆ. ಆಹ್ವಾನ ಪತ್ರಿಕೆಯಲ್ಲಿ ಶಾಸಕರು, ಮಾಜಿ ಶಾಸಕರು, ಪಕ್ಷದ ಮುಖಂಡರು ಮುಗಿದ ಮೇಲೆ ಜಾಗ ಉಳಿದರೆ ಆಟಗಾರರ ಹೆಸರು. ಸನ್ಮಾನ, ಒಂದು ಸೆಲ್ಫಿ, ಊಟ, ಕಾರು ಹೊರಟಿತು. ಮಕ್ಕಳ ಪಾಲಿಗೆ ಅವರು ಪಟದಿಂದ ಇಳಿದು ಮತ್ತೆ ಪಟಕ್ಕೇ ಹೋದಂತೆ. ಇದರ ಬದಲು ಚೈತ್ರಾ ಅಂಥವರು ಒಂದು ತಾಲ್ಲೂಕಿನಲ್ಲಿ ನಾಲ್ಕು ದಿನ ಇರಲಿ. ಹೋಬಳಿಗೊಂದು ಶಾಲೆಯಲ್ಲಿ ಮಕ್ಕಳ ಜೊತೆ ಓಡಲಿ, ಸಂಜೆ ತಾಯಂದಿರ ಜೊತೆ ಕೂತು ಮಾತಾಡಲಿ. ಹೈಸ್ಕೂಲು ಮುಗಿಯುತ್ತಿದ್ದಂತೆ ಹೆಣ್ಣುಮಕ್ಕಳು ಅಂಗಳ ಬಿಡುವುದು ಆಸಕ್ತಿ ಸತ್ತಿದ್ದರಿಂದಲ್ಲ; ಬೇರೆ ಊರಿಗೆ ಕಳಿಸಲು ಮನೆಯವರಿಗೆ ಇರುವ ಅಂಜಿಕೆಯಿಂದ. ಆ ಅಂಜಿಕೆಗೆ ಇಲಾಖೆಯ ಸುತ್ತೋಲೆ ಉತ್ತರ ಕೊಡಲಾರದು, ಹಾಗೆ ಹೋಗಿ ಬಂದವಳು ಕೊಡಬಲ್ಲಳು. ಇದು ಉಪಕಾರವಾಗಬಾರದು, ಸಂಬಳದ ಕೆಲಸವಾಗಬೇಕು. ರಾಜ್ಯಕ್ಕೆ ಪದಕ ತಂದವರಿಗೆ ತಾಲ್ಲೂಕು ತರಬೇತುದಾರರಾಗಿ ನೌಕರಿ ಕೊಟ್ಟರೆ ಕೇಳಿದ ಕೂಲಿಯೂ ಸಂದಂತಾಗುತ್ತದೆ, ಪಿಟಿ ಮೇಷ್ಟ್ರಿಗೂ ಜೊತೆ ಸಿಗುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಹೊಗೆಸೊಪ್ಪು ಹರಾಜಾಗಿ ಕೈಗೆ ದುಡ್ಡು ಬರುವ ತಿಂಗಳುಗಳಲ್ಲಿ ಹಳ್ಳಿಹಳ್ಳಿಯಲ್ಲೂ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳು ನಡೆಯುತ್ತವೆ. ಆಳೆತ್ತರದ ಟ್ರೋಫಿ, ಫ್ಲೆಕ್ಸು, ಧ್ವನಿವರ್ಧಕ, ಎಲ್ಲಕ್ಕೂ ಊರಿನ ಯುವಕರು ಚಂದಾ ಎತ್ತುತ್ತಾರೆ. ಫ್ಲೆಕ್ಸಿನ ಲೆಕ್ಕದಲ್ಲಿ ಒಂದು ಪಾಲು ತೆಗೆದರೆ ಆಟಗಾರ್ತಿಯೊಬ್ಬಳನ್ನು ಎರಡು ದಿನ ಊರಿಗೆ ಕರೆಸಿ, ಗೌರವಧನ ಕೊಟ್ಟು, ಶಾಲೆಯ ಮಕ್ಕಳೊಂದಿಗೆ ಬಿಡಬಹುದು. ಮುಂದಿನ ಪಂದ್ಯಾವಳಿಗೆ ಚಂದಾ ಪುಸ್ತಕ ಅಚ್ಚು ಹಾಕಿಸುವ ಮೊದಲು ಸಂಘದ ಹುಡುಗರು ತಿ. ನರಸೀಪುರದ ಕಡೆಗೊಂದು ಫೋನು ಮಾಡಲಿ.